ಅಲ್ಯೂಮಿನಿಯಂ ವ್ಯಾನಿಗೆ ಹಿತ್ತಾಳೆ ಕೀಲು

ಸಮುದ್ರದ ಕೊಲ್ಲಿಯ ದಡದಲ್ಲಿರುವ ಎಮರಿವಿಲ್‌ನ ಆಫೀಸುಗಳ ಮುಂದೆ ಮಧ್ಯಾಹ್ನ ಇಡ್ಲಿ, ದೋಸೆ ಮಾರಲು ನನ್ನ ಹೆಂಡತಿ ಹಳೆಯ ಡೆಲಿವರಿ ವ್ಯಾನೊಂದನ್ನು ಕೊಂಡಳು. ಅದರ ಮೈಯೆಲ್ಲ ಅಲ್ಯೂಮಿನಿಯಂ ತಗಡು. ಪಕ್ಕದಲ್ಲಿ ಕಿಟಕಿ ಕೊರೆದು, ಕೆಳಗೆ ಮಡಚುವ ಹಲಗೆ ಕೂರಿಸಿದವನು ನಾನು. ಹಲಗೆಯ ಕೀಲು ಕಬ್ಬಿಣದ್ದಾದರೆ ತುಕ್ಕು ಹಿಡಿಯುತ್ತದೆಂದು ಹಿತ್ತಾಳೆಯದನ್ನು ತಂದೆ. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ, ಸರಿ. ಅದು ತಾಗಿಕೊಂಡಿರುವ ತಗಡಿಗೆ ಏನಾಗುತ್ತದೆಂದು ಯೋಚಿಸಲಿಲ್ಲ. ಯೋಚಿಸಿದ್ದೆ, ಸಮಯವಿರಲಿಲ್ಲ ಎಂದು ಕೆಲವರಿಗೆ ಹೇಳಿದ್ದೇನೆ. ಅದು ಸುಳ್ಳಿರಬೇಕು.

ಫ್ರೀಮಾಂಟ್‌ನಲ್ಲಿ ನಮ್ಮ ಜೊತೆಗೇ ಇರುವ ಅತ್ತೆ ಸಾಂಬಾರಿನ ಹೊಣೆ ಹೊತ್ತರು. ಪ್ರತಿ ಶುಕ್ರವಾರ ವ್ಯಾಪಾರ ಮುಗಿದ ಮೇಲೆ ಕೀಲುಗಳನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತಿದ್ದರು. ಪೂಜೆಯ ಪಾತ್ರೆಗಳ ಹಾಗೆ ಅವೂ ಹೊಳೆಯುತ್ತಿದ್ದವು.

ಒಂದು ದಿನ ಅತ್ತೆ ಸಾಂಬಾರಿನ ಪಾತ್ರೆ ಇಟ್ಟ ಕೂಡಲೇ ಹಲಗೆ ಒಂದು ಕಡೆ ಕುಸಿಯಿತು. ಹೆಂಡತಿ ಪಾತ್ರೆಯ ಕಿವಿ ಹಿಡಿದುಕೊಂಡಳು, ಯಾರಿಗೂ ಸುಡಲಿಲ್ಲ. ಆ ಹಬೆ ನನ್ನ ಕಣ್ಣಿಗೆ ಕಟ್ಟಿದೆ. ಆದರೆ ನಾನು ಅಲ್ಲಿರಲಿಲ್ಲ, ಕ್ಯಾಂಪ್‌ಬೆಲ್‌ನ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದೆ.

ಸಂಜೆ ಕೀಲು ಬಿಚ್ಚಿ ನೋಡಿದೆ. ಬೋಲ್ಟಿನ ಸುತ್ತ ಬಣ್ಣ ಉಬ್ಬಿತ್ತು, ಅಡಿಯಲ್ಲಿ ಬಿಳಿ ಪುಡಿ. ತೂತುಗಳು ಬೆರಳು ತೂರುವಷ್ಟು ಅಗಲವಾಗಿದ್ದವು.

"ಏನ್ ಹಾಕಿ ತಿಕ್ತಿದ್ರಿ ಅತ್ತೆ?"

"ಹುಣಸೆಹಣ್ಣು, ಉಪ್ಪು. ಹಿತ್ತಾಳೆಗೆ ಇನ್ನೇನ್ ಹಾಕ್ತಾರೆ?"

"ಅದೇ ತಿಂದಿರೋದು ತಗಡನ್ನ."

ಅವರು ತಮ್ಮ ಕೈಗಳನ್ನು ನೋಡಿಕೊಂಡರು ಎಂದು ಬರೆಯಬಹುದು. ನನಗೆ ಗೊತ್ತಿರುವುದು ಇಷ್ಟೆ: ಮರುದಿನದಿಂದ ಮಂಡಿ ನೋವೆಂದು ವ್ಯಾನು ಹತ್ತುವುದನ್ನು ಬಿಟ್ಟರು.

"ಅಮ್ಮನ ಮಂಡಿಗೆ ಏನೂ ಆಗಿಲ್ಲ ರೀ," ಎಂದಳು ಹೆಂಡತಿ. "ಅವ್ರು ಬರ್ದೆ ಇದ್ರೆ ನನ್ ಕೈಲಿ ಒಬ್ಳೇ ಆಗಲ್ಲ. ವ್ಯಾನು ಮಾರ್ಬಿಡ್ತೀನಿ."

ಶನಿವಾರ ರಿಪೇರಿಗೆ ಕೂತೆ. ಎರಡು ಬೇರೆ ಬೇರೆ ಲೋಹಗಳು ತಾಗಿಕೊಂಡು ನಡುವೆ ಉಪ್ಪುನೀರು ಸೇರಿದರೆ ಅದು ಬ್ಯಾಟರಿಯ ಹಾಗೆ ಕೆಲಸ ಮಾಡುತ್ತದೆ, ಸವೆಯುವುದು ಅಲ್ಯೂಮಿನಿಯಂ. ಸವೆದ ಭಾಗವನ್ನು ಕತ್ತರಿಸಿ ಹೊಸ ತಗಡು ಹಾಕಿದೆ. ಕೀಲು ಈ ಸಲ ಸ್ಟೇನ್‌ಲೆಸ್ ಸ್ಟೀಲಿನದು. ಅದೂ ಬೇರೆಯ ಲೋಹವೇ ಆದ್ದರಿಂದ ಕೀಲಿಗೂ ತಗಡಿಗೂ ನಡುವೆ ಪ್ಲಾಸ್ಟಿಕ್ ಹಾಳೆ, ಬೋಲ್ಟಿಗೆ ನೈಲಾನ್ ಕೊಳವೆ, ಎರಡೂ ಬದಿಗೆ ನೈಲಾನ್ ವಾಷರ್, ಸಂದಿಗೆ ನೀರು ಇಳಿಯದಂತೆ ಸೀಲಂಟು. ಕೊನೆಗೆ, ಕರೆಂಟು ಹರಿದರೆ ಸದ್ದು ಮಾಡುವ ಮೀಟರಿನ ಒಂದು ಕಡ್ಡಿಯನ್ನು ಬೋಲ್ಟಿಗೆ, ಇನ್ನೊಂದನ್ನು ತಗಡಿಗೆ ಒತ್ತಿದೆ. ಅದು ಸದ್ದು ಮಾಡಲಿಲ್ಲ, ಅಂದರೆ ಎಲ್ಲೂ ತಾಗಿಲ್ಲ.

ಆಮೇಲೆ ವ್ಯಾನಿನ ಮೇಲ್ಭಾಗದ ಗಾಳಿಕಿಂಡಿಯ ಚಿಲಕ ನೋಡಿದೆ. ಅದಕ್ಕೂ ನಾನು ಹಿತ್ತಾಳೆಯನ್ನೇ ಹಾಕಿದ್ದೆ. ಅತ್ತೆಯ ಕೈಗೆ ಅದು ಎಟುಕುವುದಿಲ್ಲ, ಹುಣಸೆಹಣ್ಣು ಕಾಣದೆ ಅದು ಕಪ್ಪಾಗಿತ್ತು. ಅದರ ಸುತ್ತಲೂ ಅದೇ ಬಿಳಿ ಪುಡಿ. ತಗಡನ್ನು ತಿನ್ನಲು ಕೊಲ್ಲಿಯ ಉಪ್ಪು ಮಂಜೇ ಸಾಕಾಗಿತ್ತು.

ತಕ್ಷಣ ಒಳಗೆ ಹೋಗಿ ಹೇಳಿದೆ ಎಂದರೆ ಚೆನ್ನಾಗಿರುತ್ತದೆ. ಮೊದಲು ಆ ಪುಡಿಯನ್ನು ಒರೆಸಿ ಹಾಕಿದೆ. ಹೇಳಿದ್ದು ಭಾನುವಾರ, ಅತ್ತೆ ಬೇಳೆ ಆರಿಸುತ್ತಿದ್ದಾಗ.

"ತಪ್ಪು ನಂದೇ ಅತ್ತೆ. ನೀವ್ ತಿಕ್ಕಿದ್ದಕ್ಕೆ ಸ್ವಲ್ಪ ಬೇಗ ಆಯ್ತು, ಅಷ್ಟೆ. ಹಿತ್ತಾಳೆ ಹಾಕಿದ್ದೇ ತಪ್ಪು."

"ಯಾವಾಗ ಗೊತ್ತಾಯ್ತು ಅಳಿಯಂದ್ರೇ?"

"ನಿನ್ನೆ."

"ನಿನ್ನೆ," ಎಂದು ಅವರು ಬೇಳೆಯಿಂದ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟರು. "ಬೈಯೋಕೆ ಮಾತ್ರ ಒಂದು ದಿನಾನೂ ಕಾಯ್ಲಿಲ್ಲ ನೀವು."

ಸೋಮವಾರ ಅವರು ವ್ಯಾನು ಹತ್ತಿದರು. ಹೆಂಡತಿ ಸಾಂಬಾರಿನ ಪಾತ್ರೆ ಎತ್ತಿಕೊಂಡು ಬಂದಾಗ ತಡೆದು, ಎರಡೂ ಅಂಗೈ ಹಲಗೆಗೆ ಊರಿ ಮೈಭಾರವೆಲ್ಲ ಬಿಟ್ಟರು. ಹಲಗೆ ಕದಲಲಿಲ್ಲ. ಇನ್ನೊಂದು ಸಲ ಊರಿದರು.

"ಇಡು," ಎಂದರು ಮಗಳಿಗೆ.