ಬಂತಣ್ಣನೂ ಮೋಸದ ಗುಡ್ಡವೂ

ಬಂತಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿದೆ. ಅದು ಅವನ ಹೆಂಡತಿಗೆ ಮತ್ತು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಕಣಿವೆಯ ಉಳಿದವರಿಗೆಲ್ಲ ಅವನು ಬಂತಣ್ಣ. ಬೆಟ್ಟ ಹತ್ತಲು ಬರುವ ಪೇಟೆಯ ಜನರನ್ನು ತುದಿಯ ತಂಗುಮನೆಗೆ ಕರೆದುಕೊಂಡು ಹೋಗುವ ಗೈಡು ಅವನು. ಹೊರಟು ಹತ್ತು ಹೆಜ್ಜೆ ಇಟ್ಟಿರುವುದಿಲ್ಲ, ಯಾರಾದರೊಬ್ಬರು ಸೊಂಟ ಹಿಡಿದುಕೊಂಡು "ಇನ್ನೆಷ್ಟು ದೂರ?" ಎಂದು ರಾಗ ಎಳೆಯುತ್ತಾರೆ. ಬಂತಣ್ಣ ಹಿಂದೆ ತಿರುಗಿಯೂ ನೋಡದೆ "ಇನ್ನೇನು, ಬಂತು" ಎನ್ನುತ್ತಾನೆ. ಹಳ್ಳ ದಾಟುವಾಗ ಕೇಳಿದರೂ ಬಂತು, ಕಾಡು ಮುಗಿದು ಹುಲ್ಲುಗಾವಲು ಶುರುವಾದಾಗ ಕೇಳಿದರೂ ಬಂತು. ಬಸ್ ಸ್ಟ್ಯಾಂಡಿನಲ್ಲಿ ಇನ್ನೂ ಶೂ ಲೇಸು ಕಟ್ಟುತ್ತಿದ್ದವರಿಗೂ ಒಮ್ಮೆ ಹಾಗೇ ಹೇಳಿದನೆಂದು ಉಳಿದ ಗೈಡುಗಳು ಆಣೆ ಮಾಡುತ್ತಾರೆ. ಸುಳ್ಳಿಗೂ ಒಂದು ಮಿತಿ ಬೇಡವೇ?

ಇಂಥವನಿಗೆ ಸಿಕ್ಕ ಹೆಂಡತಿಯನ್ನು ನೋಡಿ. ಬಸ್ ಸ್ಟ್ಯಾಂಡಿನಿಂದ ಬರುವ ರಸ್ತೆಯಲ್ಲೇ, ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಅಂಗಡಿ. ಕಿಟಕಿಗೆ ತಾಗಿಸಿಟ್ಟ ಮಿಷನ್ನು, ಬಿಸ್ಕತ್ತಿನ ಡಬ್ಬಿಯಲ್ಲಿ ಬಣ್ಣಬಣ್ಣದ ಜಿಪ್ಪುಗಳು, ಗೋಡೆಯ ಮೊಳೆಗಳಲ್ಲಿ ಪಟ್ಟಿ ಕಿತ್ತುಹೋದ ಬೆನ್ನುಚೀಲಗಳು. ಎಲ್ಲರೂ ಅವಳನ್ನು ಟೈಲರಮ್ಮ ಎನ್ನುತ್ತಾರೆ. ಗುರುವಾರ ಸಂಜೆ ಕೊಡುತ್ತೇನೆ ಎಂದರೆ ಗುರುವಾರ ಸಂಜೆಯೇ, ಆಕಾಶ ಕಳಚಿ ಬಿದ್ದರೂ ಶುಕ್ರವಾರವಿಲ್ಲ. ಆಗದಿದ್ದರೆ ಆಗುವುದಿಲ್ಲ ಎಂದು ಮುಖದ ಮೇಲೆ ಹೊಡೆದಂತೆ ಹೇಳುತ್ತಾಳೆ. ಬೆಟ್ಟ ಇಳಿದು ಬಂದವರು ಮೊಣಕಾಲಲ್ಲಿ ಹರಿದ ಪ್ಯಾಂಟನ್ನು ಅವಳ ಮುಂದೆ ಹಾಕಿ, "ನಿಮ್ಮನೆಯವ್ರು ಬಂತು ಬಂತು ಅಂತ್ಲೇ ನಮ್ಮನ್ನ ಸಾಯಿಸಿಬಿಟ್ರಮ್ಮ" ಎಂದು ದೂರು ಹೇಳುತ್ತಾರೆ. ಅವಳು ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿ ತೆಗೆದು, "ನನ್ನನ್ನೂ ಬಿಟ್ಟಿಲ್ಲ ಬಿಡಿ" ಎನ್ನುತ್ತಾಳೆ.

ಅದು ಮದುವೆಯಾದ ಹೊಸದರ ಕತೆ. ತುದಿಯಿಂದ ಕಣಿವೆ ಹೇಗೆ ಕಾಣುತ್ತದೆ ಎಂದು ಹೊಸ ಹೆಂಡತಿಗೆ ತೋರಿಸುವ ಹುರುಪು ಬಂತಣ್ಣನಿಗೆ. ಅವಳ ಕಾಲಲ್ಲಿ ಹೊಸ ಚಪ್ಪಲಿ, ಮನಸ್ಸಲ್ಲಿ ಹೊಸ ನಂಬಿಕೆ. ಹತ್ತು ಸಲ ಕೇಳಿದಳು, ಹತ್ತು ಸಲವೂ ಇವನು ಬಂತು ಎಂದ. ಹಳ್ಳ ದಾಟಿದ ಮೇಲೆ ದಾರಿ ಪಕ್ಕದಲ್ಲಿ ಒಂದು ಚಪ್ಪಟೆ ಬಂಡೆ ಇದೆ. ಅದರ ಮೇಲೆ ಕೂತು ಚಪ್ಪಲಿ ಬಿಚ್ಚಿದಳು, ಹಿಮ್ಮಡಿಯ ಗುಳ್ಳೆಗಳನ್ನು ನೋಡಿಕೊಂಡಳು. "ಇನ್ನು ನಿಮ್ ಜೊತೆ ಬೆಟ್ಟ ಹತ್ತಿದ್ರೆ ಕೇಳಿ" ಎಂದವಳೇ ಬರಿಗಾಲಲ್ಲಿ ಒಬ್ಬಳೇ ಇಳಿದು ಹೋದಳು. ಆಡಿದ ಮಾತಿಗೆ ತಪ್ಪುವ ಪೈಕಿಯೇ ಅವಳು? ಮಗಳು ಹುಟ್ಟಿ, ಬೆಳೆದು, ಅಪ್ಪನ ಜೊತೆ ಲೆಕ್ಕವಿಲ್ಲದಷ್ಟು ಸಲ ತುದಿ ಮುಟ್ಟಿ ಬಂದಳು. ಅಮ್ಮ ಮಾತ್ರ ಬಂಡೆಯಿಂದ ಮೇಲೆ ಏನಿದೆ ಎಂದು ನೋಡಲೇ ಇಲ್ಲ. ಸಂಸಾರ ಏನೋ ಚೆನ್ನಾಗಿಯೇ ನಡೆಯಿತು ಅನ್ನಿ. ಆದರೆ ಬೆಟ್ಟದ ಮಾತು ಬಂದರೆ ಅವಳು ಮಿಷನ್ನು ಜೋರಾಗಿ ತುಳಿಯುತ್ತಿದ್ದಳು.

ಹೀಗಿರುವಾಗ ಬಂತಣ್ಣನ ಬಲ ಮೊಣಕಾಲು ಕೈಕೊಟ್ಟಿತು. ಆಪರೇಷನ್ ಆಯಿತು. ಗೈಡುಗಳ ಸಂಘದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಕಾಲಿಗೆ ಕತ್ತರಿ ಬಿದ್ದವನು ಮತ್ತೆ ಕೆಲಸಕ್ಕೆ ಬರಬೇಕಾದರೆ, ಸಂಜೆ ಚಹಾದ ಗಂಟೆ ಹೊಡೆಯುವುದರೊಳಗೆ ತನ್ನ ಕಾಲ ಮೇಲೆ ತಾನೇ ತಂಗುಮನೆ ಮುಟ್ಟಬೇಕು. ಮುಟ್ಟಿದರೆ ಅಲ್ಲಿ ಕಾರ್ಯದರ್ಶಿ ಅವನ ಹಿತ್ತಾಳೆ ಬಿಲ್ಲೆ ವಾಪಸು ಕೊಡುತ್ತಾನೆ. ಇಲ್ಲದಿದ್ದರೆ ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಚೀಟಿ ಹರಿಯುವ ಕೆಲಸ. ಒಂಟಿಯಾಗಿ ಹೋಗಬಾರದೆಂದು ಡಾಕ್ಟರು ಹೇಳಿದ್ದರು. ಬೇರೆ ಗೈಡುಗಳು ಜೊತೆಗೆ ಹೋಗಬಾರದೆಂದು ಸಂಘ ಹೇಳಿತು, ಅದಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಒಬ್ಬ ಹಳೆಯ ಗೈಡನನ್ನು ಗೆಳೆಯರು ಸರದಿಯ ಮೇಲೆ ಬೆನ್ನಿಗೆ ಹಾಕಿಕೊಂಡು ಹೋಗಿ, ತಂಗುಮನೆಗೆ ಒಂದು ತಿರುವು ಇರುವಾಗ ಕೆಳಗಿಳಿಸಿ ನಡೆಸಿದ್ದರು. ಮನೆಯವರು ಯಾರಾದರೂ ಬರಬಹುದು, ಅಷ್ಟೇ. ಮಗಳು ಮದುವೆಯಾಗಿ ಹೋಗಿದ್ದಳು, ಮನೆಯಲ್ಲಿದ್ದವಳು ಹೆಂಡತಿ ಒಬ್ಬಳೇ.

ಎರಡು ದಿನ ಬಂತಣ್ಣ ಅಂಗಡಿಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. ಮೂರನೆಯ ದಿನ ಅವಳೇ ಮಿಷನ್ನು ನಿಲ್ಲಿಸಿದಳು.

"ಬರ್ತೀನಿ. ಆದ್ರೆ ಆ ಮಾತು ನಿಮ್ ಬಾಯಿಂದ ಬರಬಾರ್ದು."

"ಯಾವ ಮಾತು?"

"ಗೊತ್ತಿಲ್ದೆ ಇರೋರ ಥರ ನೋಡ್ಬೇಡಿ."

ಹೊರಟರು. ಬಂತಣ್ಣನ ಕೈಯಲ್ಲಿ ಊರುಗೋಲು. ಟೈಲರಮ್ಮನ ಕಾಲಲ್ಲಿ ಎರಡೆರಡು ಕಾಲುಚೀಲ, ಮಗಳ ಹಳೆಯ ಕ್ಯಾನ್ವಾಸ್ ಶೂ. ಬೆನ್ನಿಗೆ ತಾನೇ ಹೊಲಿದ ಚೀಲ, ಅದರಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕಿನಲ್ಲಿ ಚಹಾ. ಬೆಳಗಿನ ಬಿಸಿಲು ಹಿತವಾಗಿತ್ತು. ಹಳ್ಳದಲ್ಲಿ ನೀರು ಕಡಿಮೆಯಿತ್ತು. ಚಪ್ಪಟೆ ಬಂಡೆ ಬಂದಾಗ ಅವಳು ನಿಂತು, "ಇದೇ ತಾನೆ?" ಎಂದಳು. ಬಂತಣ್ಣ ಮರದ ಮೇಲಿನ ಯಾವುದೋ ಹಕ್ಕಿಯನ್ನು ಬಹಳ ಆಸಕ್ತಿಯಿಂದ ನೋಡಿದ. ಅವಳು ನಕ್ಕು ಬಂಡೆಯನ್ನು ದಾಟಿ ಮುಂದೆ ನಡೆದಳು.

"ಇನ್ನೆಷ್ಟು ದೂರ?"

ನಾಲಿಗೆಯ ತುದಿಗೆ ಬಂದದ್ದನ್ನು ಬಂತಣ್ಣ ನುಂಗಿಕೊಂಡ. "ಕಾಲು ಭಾಗ ಆಗಿದೆ. ಮುಕ್ಕಾಲು ಉಳಿದಿದೆ."

ಬೆಟ್ಟದ ಮೇಲೆ ಅವನು ಆಡಿದ ಮೊದಲ ನಿಜ ಅದು. ಆಡಿದ ಕೂಡಲೇ ಕಾಲು ಭಾರವಾಯಿತು. ಮುಕ್ಕಾಲು ಎಂದರೆ ಎಷ್ಟೆಂದು ಅವನಿಗೆ ಗೊತ್ತಲ್ಲ! ಬೇರೆಯವರಿಗಾದರೆ ದಾರಿ ತಿರುವಿನಾಚೆ ಕಾಣುವುದಿಲ್ಲ, ಇವನಿಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಅವಳು ಪದೇ ಪದೇ ಕೇಳಿದಳು, ಇವನು ಪದೇ ಪದೇ ನಿಜ ಹೇಳಿದ. ಅರ್ಧ ಎಂದು ಹೇಳುವ ಹೊತ್ತಿಗೆ ಇಬ್ಬರ ಮುಖವೂ ಜೋತುಬಿದ್ದಿತ್ತು.

ಮಧ್ಯಾಹ್ನ ಕಳೆದ ಮೇಲೆ ಮೊಣಕಾಲು ಚುಚ್ಚತೊಡಗಿತು. ಮೋಸದ ಗುಡ್ಡದ ಬುಡಕ್ಕೆ ಬಂದಾಗ ಅವನು ಕುಸಿದು ಕೂತ. ಅದನ್ನು ಗೈಡುಗಳೆಲ್ಲ ಮೋಸದ ಗುಡ್ಡ ಎಂದೇ ಕರೆಯುತ್ತಾರೆ. ಕೆಳಗಿನಿಂದ ನೋಡಿದರೆ ಅದೇ ತುದಿ, ಅದರ ಮೇಲೆ ಬರೀ ಆಕಾಶ. ಹತ್ತಿ ನಿಂತರೆ ಎದುರಿಗೆ ಅಷ್ಟೇ ದೊಡ್ಡ ಇನ್ನೊಂದು ಏರು, ಅದರ ನೆತ್ತಿಯಲ್ಲಿ ಬೆಂಕಿಪೊಟ್ಟಣದಷ್ಟು ತಂಗುಮನೆ.

"ನನ್ ಕೈಲಿ ಆಗಲ್ಲ ಕಣೇ" ಎಂದ ಬಂತಣ್ಣ. "ಚೀಟಿ ಹರ್ಕೊಂಡು ಕೂರ್ತೀನಿ. ಏನಾಯ್ತೀಗ? ನೆರಳಿರುತ್ತೆ, ಫ್ಯಾನ್ ಇರುತ್ತೆ." ಬಾಯಲ್ಲಿ ಅಂದನಷ್ಟೇ. ಬೇರೆಯವರು ಬೆಟ್ಟಕ್ಕೆ ಹೋಗುವುದನ್ನು ಕುರ್ಚಿಯಿಂದ ನೋಡುತ್ತ ಕೂರುವುದು ಅವನಿಗೆ ಸಾಯುವಷ್ಟು ಭಯದ ಸಂಗತಿಯಾಗಿತ್ತು.

ಟೈಲರಮ್ಮ ಸಮಾಧಾನ ಮಾಡುವ ಗೋಜಿಗೇ ಹೋಗಲಿಲ್ಲ. "ಕೂತಿರಿ. ಇಷ್ಟು ದೂರ ಬಂದಿದೀನಿ, ಮೇಲೆ ಏನಿದೆ ಅಂತ ನೋಡ್ಕೊಂಡಾದ್ರೂ ಬರ್ತೀನಿ" ಎಂದು ಸೆರಗು ಸಿಕ್ಕಿಸಿ ಗುಡ್ಡ ಹತ್ತಿದಳು. ನಾಲ್ಕು ಹೆಜ್ಜೆಗೊಮ್ಮೆ ನಿಂತಳು, ಕೈಯೂರಿದಳು, ತನ್ನಷ್ಟಕ್ಕೆ ಏನೋ ಬೈದುಕೊಂಡಳು. ಕೊನೆಗೆ ನೆತ್ತಿ ಮುಟ್ಟಿ, ಇವನಿಗೆ ಬೆನ್ನು ಮಾಡಿ ಬಹಳ ಹೊತ್ತು ಆ ಕಡೆಗೇ ನೋಡುತ್ತ ನಿಂತಳು. ಮುಗಿಯಿತು, ಈಗ ಇಳಿದು ಬಂದು ಹಳೆಯದನ್ನೆಲ್ಲ ಸೇರಿಸಿ ಉಗಿಯುತ್ತಾಳೆ ಎಂದುಕೊಂಡ ಬಂತಣ್ಣ.

ಅವಳು ತಿರುಗಿದಳು. ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು.

"ರೀ, ಬಂತು ಕಣ್ರೀ. ಇಲ್ಲೇ ಇದೆ."

ಬಂತಣ್ಣ ಬೆಪ್ಪಾದ. ಅಲ್ಲಿಂದ ಮುಂದಿನ ಏರು ಇಡೀ ಕಾಣುತ್ತದೆ, ಕುರುಡರಿಗೂ ತಪ್ಪುವಂಥದ್ದಲ್ಲ. ಶುಕ್ರವಾರದ ಕೆಲಸವನ್ನು ಗುರುವಾರ ಎಂದು ಹೇಳದ ಹೆಂಗಸು ಗುಡ್ಡದ ಮೇಲೆ ನಿಂತು ಕಣಿವೆಗೆಲ್ಲ ಕೇಳುವಂತೆ ಸುಳ್ಳು ಹೇಳುತ್ತಿದ್ದಳು. ಅದು ಸುಳ್ಳೆಂದು ಇವನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ. ಆದರೂ ಕೈ ತಾನಾಗಿ ಊರುಗೋಲು ಹುಡುಕಿತು. ಅವಳು ಕರೆಯುತ್ತಿದ್ದಾಳೆ, ಕೂತಿರುವುದು ಹೇಗೆ?

ಹತ್ತಿದ. ಹೇಗೆ ಹತ್ತಿದ ಎಂದು ಅವನನ್ನೇ ಕೇಳಿದರೂ ಸರಿಯಾಗಿ ಹೇಳಲಾರ. ಮೇಲೆ ಬಂದಾಗ ಬಾಯಿ ಒಣಗಿತ್ತು, ಅಂಗಿ ತೊಯ್ದಿತ್ತು.

"ಎಲ್ಲೇ ಬಂತು?"

"ಬಂದಿಲ್ಲ" ಎಂದು ಅವಳು ಎದುರಿನ ಏರನ್ನು ತೋರಿಸಿದಳು.

"ಮತ್ತೆ ಯಾಕೆ ಕೂಗ್ದೆ?"

"ನೀವು ಬರ್ಲಿ ಅಂತ."

"ಇದು ಮೋಸದ ಗುಡ್ಡ ಅಂತ ನಂಗೊತ್ತಿಲ್ವಾ?"

"ನಿಮಗೆ ಗೊತ್ತು ಅಂತ ನಂಗೂ ಗೊತ್ತು. ಆದ್ರೂ ಬಂದ್ರಲ್ಲ."

ಮೊಟ್ಟೆ ಸುಲಿದು ಅವನ ಕೈಗಿಟ್ಟಳು. ಕೆಳಗೆ ಕಣಿವೆ ಪೂರ್ತಿ ಬಿಚ್ಚಿಕೊಂಡು ಬಿದ್ದಿತ್ತು. ನದಿ, ರಸ್ತೆ, ಅವಳ ಅಂಗಡಿಯ ತಗಡಿನ ಮಾಡು.

"ಆವತ್ತೇ ಬಂದಿದ್ರೆ ಆಗ್ತಿತ್ತು ನಾನು" ಎಂದಳು ಟೈಲರಮ್ಮ. "ಸುಮ್ನೆ ಹಠ ಮಾಡ್ದೆ."

"ನಾನೂ ಆವತ್ತು ತಿರುಗಿ ನಿನ್ ಕಾಲು ನೋಡ್ಬೇಕಿತ್ತು" ಎಂದ ಬಂತಣ್ಣ.

ಎರಡನೆಯ ಏರಿನಲ್ಲಿ ಅವಳು ಮುಂದೆ, ಇವನು ಹಿಂದೆ. ನಾಲ್ಕು ಹೆಜ್ಜೆಗೊಮ್ಮೆ ಅವಳು ಬಂತು ಎನ್ನುವಳು, ಇವನು ಇಲ್ಲ ಎನ್ನುವನು, ಇಬ್ಬರೂ ನಗುವರು. ತಂಗುಮನೆಯ ಅಡುಗೆಯವನು ಗಂಟೆಯ ಹಗ್ಗಕ್ಕೆ ಕೈ ಹಾಕಿ ನಿಂತಿದ್ದ. ಬಂತಣ್ಣನ ಊರುಗೋಲು ಮೊದಲು ಅಂಗಳ ಮುಟ್ಟಿತು, ಬಂತಣ್ಣ ಆಮೇಲೆ ಮುಟ್ಟಿದ, ಆಮೇಲೆ ಗಂಟೆ ಹೊಡೆಯಿತು. ಕಾರ್ಯದರ್ಶಿ ಹೊರಗೆ ಬಂದು ಅವನ ಬೆನ್ನ ಹಿಂದೆ ಯಾರಾದರೂ ಹೊರುವವರು ಅಡಗಿದ್ದಾರೆಯೇ ಎಂದು ಇಣುಕಿದ. ಟೈಲರಮ್ಮನನ್ನು ಬಿಟ್ಟು ಯಾರೂ ಇರಲಿಲ್ಲ. ಬಿಲ್ಲೆಯನ್ನು ಒರೆಸಿ ಕೊಟ್ಟ.

ರಾತ್ರಿ ಅಲ್ಲೇ ಉಳಿದು ಮರುದಿನ ಇಳಿದರು. ಚಪ್ಪಟೆ ಬಂಡೆಯ ಮೇಲೆ ಒಬ್ಬಳು ಹುಡುಗಿ ಹೊಸ ಶೂ ಬಿಚ್ಚಿಟ್ಟು ಮುಖ ಊದಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಗಂಡನಿರಬೇಕು, ಎರಡೂ ಚೀಲ ಹೊತ್ತು ಪೆಚ್ಚಾಗಿ ನಿಂತಿದ್ದ.

"ಆಂಟಿ, ಇನ್ನೆಷ್ಟು ದೂರ?" ಎಂದಳು ಹುಡುಗಿ.

ಬಂತಣ್ಣ ಬಾಯಿ ತೆರೆದ. ಹೆಂಡತಿಗೆ ಕೊಟ್ಟ ಮಾತು ನೆನಪಾಗಿ ಮುಚ್ಚಿಕೊಂಡ. ಟೈಲರಮ್ಮ ಬಗ್ಗಿ ಹುಡುಗಿಯ ಹಿಮ್ಮಡಿ ನೋಡಿದಳು. ಚೀಲದಿಂದ ಬಟ್ಟೆಯ ಚೂರು ತೆಗೆದು ಗುಳ್ಳೆಯ ಮೇಲೆ ಸುತ್ತಿದಳು, ತನ್ನ ಮೇಲಿನ ಕಾಲುಚೀಲ ಬಿಚ್ಚಿ ತೊಡಿಸಿದಳು.

"ಇನ್ನೇನು, ಬಂತು" ಎಂದಳು.

"ನಿಜವಾಗ್ಲೂನಾ?"

"ಸುಳ್ಳು. ಇನ್ನೂ ಬಹಳ ಇದೆ. ಆದ್ರೂ ಏಳಮ್ಮ."

ಹುಡುಗಿ ಗಂಡನ ಕಡೆ ನೋಡಿದಳು, ಆಮೇಲೆ ಶೂ ಹಾಕಿಕೊಂಡು ಎದ್ದಳು.