ತವರ, ಆಮೇಲೆ ಮನಿ

ಬಿಸಿ ಜೋಳದ ಹಿಟ್ಟಿನ ವಾಸನೆ ಬಂದರೆ ನನಗೆ ಈಗಲೂ ನಿದ್ದೆ ಎಳೆಯುತ್ತದೆ. ನಿಮಗೂ ಅಂಥ ಯಾವುದೋ ಒಂದು ವಾಸನೆ ಇದ್ದೇ ಇರುತ್ತದೆ. ಇವತ್ತು ಬೆಟಗೇರಿಯ ಗಿರಣಿಯಲ್ಲಿ ಕರೆಂಟು ಹೋಗಿ, ಜೋಳದ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದಾಗ ಫೋನು ಸದ್ದು ಮಾಡಿತು. ಅಕ್ಕನ ಮಗಳು ಕಸ್ತೂರಿಯ ಮೊದಲ ಆಲ್ಬಮ್ಮು ಬಂದಿತ್ತು. ಹಳ್ಳಿಯ ಹಾಡಿಗೆ ಕಂಪ್ಯೂಟರ್ ಸಂಗೀತ ಕೂಡಿಸಿದ್ದು. ಅದರಲ್ಲಿ ನಮ್ಮವ್ವನ ಬೀಸುವ ಪದವೂ ಇದೆ. ಒತ್ತಲು ಬೆರಳು ಹೆದರಿತು.

ಏಕೆಂದು ಹೇಳುತ್ತೇನೆ, ಸ್ವಲ್ಪ ತಾಳಿಕೊಳ್ಳಿ. ನಾನು ಟೈಪು ಮಾಡುವುದೂ ನಿಧಾನ.

ಮಲ್ಲಸಮುದ್ರದ ಮನೆಯಲ್ಲಿ ಅವ್ವ ಬೀಸುವಾಗ ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಅವಳು ‘ತವರ’ ಎಂದು ಎಳೆದು, ಹಾಡು ನಿಲ್ಲಿಸಿ, ಬೀಸುಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ, ಅಂದರೆ ಮುಕ್ಕು, ಹಾಕಿ, ಆಮೇಲೆ ‘ಮನಿ’ ಅನ್ನುತ್ತಿದ್ದಳು. ಅವಳ ತವರು ಯಳವತ್ತಿ. ಅಷ್ಟೇನೂ ದೂರವಲ್ಲ. ಆದರೂ ಆ ನಡುವಿನಲ್ಲೇ ಒಮ್ಮೆ ಹೋಗಿ ಬಂದಳೇನೋ ಅನ್ನಿಸುತ್ತಿತ್ತು. ಆ ಖಾಲಿಯೂ ಶಬ್ದದೊಳಗಿನದೇ ಎಂದು ನಾನು ತಿಳಿದಿದ್ದೆ. ಶಾಲೆಗೆ ನಾನು ಸೇರಿದ್ದು ತಡವಾಗಿ, ಮೀಸೆ ಚಿಗುರುವ ಹೊತ್ತಿಗೆ. ಪಾಠದಲ್ಲಿ ‘ತವರುಮನೆ’ ಬಂದಾಗ ನಡುವೆ ನಿಂತು, ಉಸಿರೆಳೆದುಕೊಂಡು ಓದಿದೆ. ನನ್ನ ಮೊಣಕಾಲೆತ್ತರದ ಹುಡುಗರೆಲ್ಲ ನಕ್ಕರು.

ಅವ್ವ ಹೋದಳು. ಅವಳ ದನಿಯನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಹೋದ ವರ್ಷ ಕಸ್ತೂರಿ ಮೈಕು ಹಿಡಿದು ಬಂದಾಗ ನನ್ನ ಒಡಕು ದನಿಯಲ್ಲೇ ಹಾಡಿ ತೋರಿಸಿದೆ.

“ಮಾಮಾ, ನಡುವ ಯಾಕ ನಿಂತ್ರಿ? ಮರತ್ರೇನು?”

“ಇಲ್ಲವಾ. ನಿಮ್ಮಜ್ಜಿ ಅಲ್ಲೇ ನಿಂದರತಿದ್ಲು.”

ಸ್ಟುಡಿಯೊದ ಹುಡುಗರು ಖಾಲಿ ಕಂಡಲ್ಲಿ ಏನಾದರೂ ತುಂಬಿಬಿಡುತ್ತಾರೆ ಎಂದು ಅವಳು ನಗುತ್ತ ಹೇಳಿ ಹೋದಳು. ನನಗೆ ನಗು ಬರಲಿಲ್ಲ. ಅವ್ವನದು ಅಂತ ನನ್ನ ಹತ್ತಿರ ಉಳಿದದ್ದು ಆ ಖಾಲಿಯೊಂದೇ.

ಕೊನೆಗೆ ಫೋನನ್ನು ಗಿರಣಿಯ ಕಟ್ಟೆಯ ಮೇಲಿಟ್ಟು ಒತ್ತಿದೆ. ಮೊದಲು ಧಡ್ ಧಡ್, ಆಮೇಲೆ ಜೇನು ಎದ್ದಂಥ ಗುಂಯ್ ಗುಂಯ್. ನಮ್ಮ ಪದ ಇದರಲ್ಲಿ ಎಲ್ಲಿ ಸಿಕ್ಕೀತು ಅನ್ನುವಷ್ಟರಲ್ಲಿ ಕಸ್ತೂರಿ ‘ತವರ’ ಎಂದು ಎಳೆದಳು. ಎಲ್ಲ ಸದ್ದೂ ನಿಂತಿತು.

ಗಿರಣಿಯ ಹುಸೇನ ಹಿಟ್ಟು ಮೆತ್ತಿದ ಮುಖ ಎತ್ತಿ, “ನೆಟ್ ಹೋತೇನ್ರಿ ಕಾಕಾ?” ಎಂದ.

ನನ್ನ ಕೈ ತಾನಾಗಿ ಡಬ್ಬಿಗಿಳಿದು ಒಂದು ಹಿಡಿ ಜೋಳ ಹಿಡಿದಿತ್ತು.

“ಇಲ್ಲ, ತಡಿ ತಮ್ಮಾ,” ಅಂದೆ. “ಅವ್ವ ಮುಕ್ಕು ಹಾಕಾಕತ್ತಾಳ.”