ಎರಡನೆಯ ಗೆರೆ

ಅವರು ‘ಜಯ ಜಿನೇಂದ್ರ’ ಎಂದು ಕೈ ಮುಗಿದರೆ ಬಲ ಅಂಗೈ ಬೆಳ್ಳಗೆ ಸುಣ್ಣ ಬಳಿದಂತೆ, ಎಡ ಅಂಗೈ ಮಾತ್ರ ಮನುಷ್ಯರ ಬಣ್ಣದ್ದು. ಉಗುರಿನ ಸಂದಿಯಲ್ಲಿ, ಕೈಗೆರೆಗಳ ಒಳಗೆಲ್ಲ ಸೀಮೆಸುಣ್ಣದ ಪುಡಿ ಕೂತಿರುತ್ತಿತ್ತು. ಹಲಗೆಯನ್ನು ಅವರು ಬಟ್ಟೆಯಿಂದ ಒರೆಸಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಕೇಳಿದರೆ, “ಅರಿವಿ ಹೊಲದು ಉಂಡಾಂವ ನಾ. ಅರಿವೀಲೆ ಹಲಗಿ ಒರಸಲೇನು?” ಎನ್ನುತ್ತಿದ್ದರು. ಅಂಗೈಯಿಂದಲೇ ನಿನ್ನೆಯ ಸುದ್ದಿಯನ್ನು ಒರೆಸಿ, ಇವತ್ತಿನದನ್ನು ಬರೆಯುತ್ತಿದ್ದರು.

ಊರಿಗೆಲ್ಲ ಅವರು ಫಲಕದ ಕಾಕಾ. ನಮ್ಮ ಊರು ಕೊಲ್ಹಾಪುರ ಜಿಲ್ಲೆಯ ಶಿರೋಳದ ಕಡೆಯದು, ಹೊಳೆದಂಡೆಯ ಕಬ್ಬಿನ ಊರು. ಇಂಥ ಊರುಗಳ ಚೌಕದಲ್ಲಿ ಸುದ್ದಿ ಬರೆಯುವ ಕರಿ ಹಲಗೆ ಇರುವುದು ರೂಢಿ. ಯಾರು ತೀರಿಕೊಂಡರು, ನಳದ ನೀರು ಯಾವಾಗ, ಕಬ್ಬಿನ ಬಿಲ್ಲಿನ ದುಡ್ಡು ಬಂತೇ, ದೇಶದಲ್ಲಿ ಏನಾಯಿತು, ಎಲ್ಲವೂ ಅದರ ಮೇಲೆ ಮೂಡಬೇಕು. ನಮ್ಮೂರ ಹಲಗೆ ಕಾಕಾರ ಟೇಲರ್ ಅಂಗಡಿಯ ಹೊರಗೋಡೆಯ ಮೇಲಿತ್ತು. ಮೇಲೆ ಮರಾಠಿಯಲ್ಲಿ ಒಂದು ಸಾಲು, ಕೆಳಗೆ ಅದನ್ನೇ ಕನ್ನಡದಲ್ಲಿ ಇನ್ನೊಂದು ಸಾಲು. ಯಾರೂ ಅವರನ್ನು ನೇಮಿಸಿರಲಿಲ್ಲ, ಯಾರೂ ಒಂದು ಸೀಮೆಸುಣ್ಣದ ತುಂಡನ್ನೂ ತಂದು ಕೊಟ್ಟಿರಲಿಲ್ಲ. ಪಕ್ಕದ ಮೊಬೈಲ್ ಅಂಗಡಿ ನನ್ನದು. ನಡುವೆ ಇದ್ದದ್ದು ಒಂದೇ ಗೋಡೆ.

ಕಾಕಾರ ಫಲಕಕ್ಕೊಂದು ಕಾಯಿದೆಯಿತ್ತು. ಕೇಳಿದ ಸುದ್ದಿಯಾದರೆ ಅದರ ಕೆಳಗೆ ಒಂದು ಗೆರೆ. ಕಣ್ಣಾರೆ ಕಂಡದ್ದಾದರೆ ಎರಡು ಗೆರೆ. ಪೇಪರಿನಲ್ಲಿ ಬಂದದ್ದೂ ಅವರ ಲೆಕ್ಕದಲ್ಲಿ ಕೇಳಿದ್ದೇ. ಊರಲ್ಲಿ ಯಾರಾದರೂ ಸತ್ತರೆಂದು ಸುದ್ದಿ ಬಂದರೆ ಒಂದು ಗೆರೆ ಎಳೆದು, ಛತ್ರಿ ಹಿಡಿದು ಆ ಮನೆಗೆ ಹೋಗಿ, ಮುಖ ನೋಡಿ ಕೈ ಮುಗಿದು ಬಂದು, ಆಮೇಲೆ ಎರಡನೆಯ ಗೆರೆ ಎಳೆಯುತ್ತಿದ್ದರು. ಅಕ್ಷರ ಬಾರದವರೂ ಗೆರೆ ಓದುತ್ತಿದ್ದರು. ಸುದ್ದಿ ಏನೆಂದು ಪಕ್ಕದವರನ್ನು ಕೇಳುವುದು, ಖರೆಯೋ ಸುಳ್ಳೋ ಎಂಬುದನ್ನು ತಾವೇ ನೋಡಿಕೊಳ್ಳುವುದು.

ನೋಟು ರದ್ದಾದ ಮರುದಿನ ಬೆಳಿಗ್ಗೆ ಊರೆಲ್ಲ ಫಲಕದ ಮುಂದೆ ನಿಂತಿತ್ತು. ಟಿವಿಯಲ್ಲಿ ದೇಶಕ್ಕೇ ಹೇಳಿ ಮುಗಿದಿದ್ದರೂ ಕಾಕಾ ಎಳೆದದ್ದು ಒಂದೇ ಗೆರೆ. ಬ್ಯಾಂಕು ತೆರೆದ ದಿನ ಪಾಳಿಯಲ್ಲಿ ಮೂರು ತಾಸು ನಿಂತು, ಖಾಲಿ ಕೈಯಲ್ಲಿ ಮರಳಿ ಬಂದು, “ಈಗ ಖರೆ ಆತು ನೋಡು” ಎನ್ನುತ್ತ ಎರಡನೆಯದನ್ನು ಎಳೆದರು. ಜನ ನಕ್ಕಿದ್ದರು. ದೇಶದ ಗಡಿಯ ಕಡೆ ನಮ್ಮ ಯೋಧರು ಒಂದೇ ದಾಳಿಯಲ್ಲಿ ಅಷ್ಟು ಮಂದಿ ಸತ್ತ ದಿನ ಮಾತ್ರ ಯಾರೂ ನಗಲಿಲ್ಲ. ತರುಣನೊಬ್ಬ ಸಿಟ್ಟಾಗಿ, “ಇದಕ್ಕೂ ಒಂದ ಗೆರಿ ಏನ್ರಿ ಕಾಕಾ?” ಎಂದ. ಕಾಕಾ ಕಣ್ಣು ಒರೆಸಿಕೊಂಡರು. ಮುಖದ ಮೇಲೆ ಬಿಳಿ ಮೆತ್ತಿತು. “ಎರಡ ಪಟ್ಟ ಅಳೋಣಪ್ಪಾ. ಗೆರಿ ಮಾತ್ರ ಒಂದ,” ಎಂದರು.

ಸೂರ್ಯ ಮುಳುಗುವ ಮೊದಲೇ ಅವರ ಊಟ ಮುಗಿಯಬೇಕು. ಅದಾದ ಮೇಲೆ ನನ್ನ ಅಂಗಡಿಯ ಕಟ್ಟೆಗೆ ಬಂದು ಕೂತು, “ಏನಂತೈತಿ ನಿನ್ನ ಡಬ್ಬಿ?” ಎಂದು ಕೇಳುತ್ತಿದ್ದರು. ಡಬ್ಬಿ ಎಂದರೆ ನನ್ನ ಫೋನು. ಊರವರ ವಾಟ್ಸಾಪ್ ಗುಂಪೊಂದನ್ನು ನಾನು ನಡೆಸುತ್ತಿದ್ದೆ. ಫಲಕಕ್ಕಿಂತ ಅರ್ಧ ದಿನ ಮೊದಲೇ ಸುದ್ದಿ ನನ್ನಲ್ಲಿ ಬಂದಿರುತ್ತದೆಂಬ ಜಂಬ ನನಗಿತ್ತು. ನಾನು ಓದಿ ಹೇಳಿದರೆ ಕಾಕಾ ಸಾವಧಾನವಾಗಿ ಕೇಳಿ, “ಭಾಳ ಛಲೋ. ಇದನ್ನ ಯಾರ ನೋಡ್ಯಾರ?” ಎನ್ನುತ್ತಿದ್ದರು. ಆ ಒಂದು ಪ್ರಶ್ನೆಗೆ ನನ್ನ ಮೈ ಉರಿಯುತ್ತಿತ್ತು.

ಮಹಾಪೂರ ಬಂದ ವರ್ಷದ ಮಾತು. ವಾರಗಟ್ಟಲೆ ಮಳೆ. ಕೊಲ್ಹಾಪುರದ ರಸ್ತೆ ಮುಚ್ಚಿತ್ತು, ಇಚಲಕರಂಜಿಯ ಕಡೆಯ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಕೆಳಗಿನ ಗಲ್ಲಿಯವರನ್ನೆಲ್ಲ ಶಾಲೆಗೆ ಸಾಗಿಸಿದ್ದರು. ಕಾಕಾ ದಿನಕ್ಕೆ ಎರಡು ಸಲ ನೀರಿನ ಅಂಚಿಗೆ ಹೋಗಿ, ಅಲ್ಲೊಂದು ಕಡ್ಡಿ ಚುಚ್ಚಿ, ಛತ್ರಿ ಹಿಡಿದು ಒಂದು ತಾಸು ಕೂತು ನೋಡಿ ಬರುತ್ತಿದ್ದರು. ಕಡ್ಡಿ ಮುಳುಗಿದರೆ ‘ನೀರು ಏರುತ್ತಿದೆ’ ಎಂದು ಬರೆದು ಎರಡು ಗೆರೆ. ನಾಲ್ಕನೆಯ ದಿನ ಕೆಸರಿನಲ್ಲಿ ಅವರ ಕಾಲಿಗೆ ಮೊಳೆ ಚುಚ್ಚಿತು. ಪಾದ ಬಾತು, ಜ್ವರ ಬಂತು.

“ತಮ್ಮಾ, ನೀ ಹೋಗಿ ಬಾ,” ಎಂದರು ನನಗೆ. “ನೀರಿನ ಅಂಚಿಗೆ ಕಡ್ಡಿ ಚುಚ್ಚು. ಒಂದ ತಾಸ ಅಲ್ಲೇ ನಿಂದರು. ಆಮ್ಯಾಲ ಬಂದ ಹೇಳು.”

ಬೆಳಿಗ್ಗೆ ಹೋದೆ, ನಿಂತೆ, ನೋಡಿದೆ. ನೀರು ಏರುತ್ತಿದೆ ಎಂದೆ, ಅವರು ಬರೆದರು. ಮಧ್ಯಾಹ್ನ ಮಳೆ ನಿಂತು ಸ್ವಲ್ಪ ಬೆಳಕಾಯಿತು. ಕಾಕಾ ಮತ್ತೊಮ್ಮೆ ಹೋಗಿ ಬಾ ಎಂದರು. ಊರಲ್ಲಿ ಕರೆಂಟಿರಲಿಲ್ಲ. ನನ್ನ ಅಂಗಡಿಯಲ್ಲಿ ಇನ್ವರ್ಟರ್ ಇದ್ದುದರಿಂದ ಫೋನು ಚಾರ್ಜು ಮಾಡಿಸಲು ಜನ ಮುತ್ತಿದ್ದರು, ನಾನು ಊರಿಗೇ ಬೇಕಾದವನಾಗಿದ್ದೆ. ಅಷ್ಟರಲ್ಲಿ ಗುಂಪಿಗೊಂದು ಫೋಟೊ ಬಂತು. ಸೇತುವೆಯ ಕಟಾಂಜನ ನೀರಿನಿಂದ ಮೇಲೆ ಕಾಣುತ್ತಿತ್ತು. ಕೆಳಗೆ ಮರಾಠಿಯಲ್ಲಿ ‘ಪಾಣಿ ಉತರ್ತಂಯ’, ನೀರು ಇಳಿಯುತ್ತಿದೆ, ಎಂದಿತ್ತು. ಆ ಫೋಟೊ ಹಿಂದಿನ ಯಾವುದೋ ವರ್ಷದ್ದೆಂದು ಆಮೇಲೆ ತಿಳಿಯಿತು. ಆಗ ನನಗೆ ಅನಿಸಿದ್ದು ಇಷ್ಟೇ. ಇಷ್ಟು ಸ್ಪಷ್ಟ ಇರುವಾಗ ಈ ಮುದುಕನ ಕಡ್ಡಿಗಾಗಿ ಮೊಣಕಾಲ ಕೆಸರಿನಲ್ಲಿ ಯಾಕೆ ಹೋಗಬೇಕು? ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ತಾಸು ಕೂತೆ. ಆಮೇಲೆ ಹಿಂಬಾಗಿಲಿನಿಂದ ಹೊರಬಿದ್ದು, ಸುತ್ತುಹಾಕಿ ಕಾಕಾರ ಮುಂದೆ ಬಂದು ನಿಂತೆ.

“ನೋಡೀದ್ಯಾ?”

“ನೋಡೀನ್ರಿ ಕಾಕಾ. ಕಡ್ಡಿ ಬಿಟ್ಟ ಒಂದ ಗೇಣ ಇಳದೈತಿ.”

ಆ ಒಂದು ಗೇಣು ನನ್ನ ಬಾಯಿಗೆ ಎಲ್ಲಿಂದ ಬಂತೋ ಇಂದಿಗೂ ತಿಳಿಯದು. ಬರೀ ಇಳಿದಿದೆ ಎಂದಿದ್ದರೂ ಸಾಕಿತ್ತು, ಅಳತೆ ಸಹಿತ ಸುಳ್ಳು ಹೇಳಿದೆ. ಕಾಕಾ ನನ್ನ ಮುಖ ನೋಡಿದರು. ಆಮೇಲೆ ತಲೆ ತಗ್ಗಿಸಿ ಸ್ವಲ್ಪ ಹೊತ್ತು ನೆಲ ನೋಡಿದರು. ನಂತರ ಸ್ಟೂಲು ಎಳೆದುಕೊಂಡು ಬಾತ ಕಾಲನ್ನು ಚಾಚಿ ಕೂತು ‘ನೀರು ಇಳಿಯುತ್ತಿದೆ’ ಎಂದು ಬರೆದರು. ಒಂದು ಗೆರೆ ಎಳೆದರು. ಕೈ ಅಲ್ಲೇ ನಿಂತಿತು. ಆಮೇಲೆ ಎರಡನೆಯದನ್ನೂ ಎಳೆದರು. ತಾವು ನೋಡದ ಸುದ್ದಿಗೆ, ಬೇರೆಯವರ ಕಣ್ಣು ನಂಬಿ, ಕಾಕಾ ಎರಡು ಗೆರೆ ಎಳೆದದ್ದು ಆ ದಿನ ಮಾತ್ರ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಅಷ್ಟೇ.

ಕೆಳಗಿನ ಗಲ್ಲಿಯಲ್ಲಿ ಕುರಿ ಸಾಕುವ ಹೆಂಗಸೊಬ್ಬಳಿದ್ದಳು. ತಾಯಿಯ ವಯಸ್ಸಿನವಳಾದ್ದರಿಂದ ನಾವು ಮಾವಶಿ ಎನ್ನುತ್ತಿದ್ದೆವು. ಹತ್ತು ಕುರಿ, ಒಂದು ಮರಿ, ಅದೇ ಅವಳ ಸಂಸಾರ. ಶಾಲೆಯ ಪಡಸಾಲೆಯಲ್ಲಿ ಅವನ್ನು ಕಟ್ಟಿಕೊಂಡಿದ್ದಳು. ನೆಂದ ಕುರಿಯ ವಾಸನೆಗೆ ಜನ ಗೊಣಗುತ್ತಿದ್ದರು, ಕುರಿಗಳಿಗೂ ಕೆಮ್ಮು ಹತ್ತಿತ್ತು. ಸಂಜೆಗೆ ಮುಂಚೆ ಫಲಕದ ಹತ್ತಿರ ಬಂದು, “ಏನ ಬರದಾರ?” ಎಂದು ನನ್ನನ್ನೇ ಕೇಳಿದಳು. ಓದಿ ಹೇಳಿದೆ. ಗೆರೆಗಳನ್ನು ಅವಳು ತಾನೇ ನೋಡಿಕೊಂಡಳು. ಮನೆಯಲ್ಲಿ ಅಟ್ಟದ ಮೇಲೆ ಒಣ ಮೇವಿತ್ತು. ಕುರಿಗಳನ್ನು ಹೊಡೆದುಕೊಂಡು ಇಳಿದು ಹೋದಳು. ಆಗಲಾದರೂ ಬಾಯಿ ಬಿಡಬಹುದಿತ್ತು. ನಾನು ಯಾರದೋ ಫೋನಿಗೆ ಚಾರ್ಜರ್ ಸಿಕ್ಕಿಸುತ್ತಿದ್ದೆ.

ಬೆಳಗಾಗುವುದರೊಳಗೆ ಕೆಳಗಿನ ಗಲ್ಲಿ ಕಾಣದಾಗಿತ್ತು. ಪಕ್ಕದ ಮನೆಯ ಸ್ಲ್ಯಾಬಿನ ಮೇಲಿಂದ ಮಾವಶಿಯನ್ನು ದೋಣಿಯಲ್ಲಿ ಕರೆತಂದರು. ಮಡಿಲಲ್ಲಿ ಮರಿಯಿತ್ತು. ದೊಡ್ಡಿಯ ಬಾಗಿಲು ತೆಗೆಯಲು ಅವಳಿಗೆ ಆಗದೆ ಹತ್ತು ಕುರಿಗಳೂ ಒಳಗೇ ಮುಳುಗಿದ್ದವು.

ನೀರು ನಿಜಕ್ಕೂ ಇಳಿದ ಮೇಲೆ ಅವಳು ಚೌಕಕ್ಕೆ ಬಂದಳು. ಕೂಗಾಡಲಿಲ್ಲ.

“ಕಾಕಾ, ಎರಡ ಗೆರಿ ಇದ್ದುವಲ್ರಿ.”

“ಇದ್ದು, ತಂಗಿ.”

“ನೀವ ನೋಡಿದ್ರ್ಯಾ?”

ನಾನು ಗೋಡೆಯಾಚೆ ನಿಂತಿದ್ದೆ. ಕಾಕಾ ನನ್ನ ಅಂಗಡಿಯ ಕಡೆ ಕತ್ತು ಕೂಡ ತಿರುಗಿಸಲಿಲ್ಲ. “ಗೆರಿ ಎಳದದ್ದು ನನ್ನ ಕೈ. ತಪ್ಪ ನಂದ, ತಂಗಿ,” ಎಂದರು. ನಾನು ಹೊರಗೆ ಬರಬೇಕಿತ್ತು. ನಾಲ್ಕು ಹೆಜ್ಜೆಯ ಮಾತು. ಬರಲಿಲ್ಲ.

ಕಾಕಾರಿಗೆ ವಯಸ್ಸಾಯಿತು, ಕಣ್ಣು ಮಂದವಾದವು ಎಂದು ಊರಲ್ಲಿ ಮಾತಾಯಿತು. ಫಲಕದ ಮುಂದೆ ನಿಲ್ಲುವವರು ಕಡಿಮೆಯಾದರು, ನನ್ನ ವಾಟ್ಸಾಪ್ ಗುಂಪಿಗೆ ಸೇರುವವರು ಹೆಚ್ಚಾದರು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಆಮೇಲೆ ಲಾಕ್‌ಡೌನ್ ಬಂತು. ಕಾಕಾ ಹಳೆ ಪಾಪ್ಲೀನಿನ ತುಂಡುಗಳಲ್ಲಿ ಮಾಸ್ಕು ಹೊಲಿದು ಚೌಕದ ಮೊಳೆಗೆ ತೂಗುಹಾಕುತ್ತಿದ್ದರು, ಬೇಕಾದವರು ತೆಗೆದುಕೊಂಡು ಹೋಗುತ್ತಿದ್ದರು. ಒಂದು ದಿನ ಇಚಲಕರಂಜಿಯ ಮಗ್ಗದ ಕೆಲಸಗಾರರು, ಉತ್ತರದ ಕಡೆಯವರು, ತಲೆಯ ಮೇಲೆ ಗಂಟು ಹೊತ್ತು ನಮ್ಮೂರ ರಸ್ತೆಯಲ್ಲಿ ನಡೆದು ಬಂದರು. ಕಾಕಾ ಕೊಡಪಾನ ಇಟ್ಟುಕೊಂಡು ಒಬ್ಬೊಬ್ಬರಿಗೂ ನೀರು ಕೊಟ್ಟರು. ಆಮೇಲೆ ಫಲಕದಲ್ಲಿ ‘ಕೆಲಸಗಾರರು ನಡೆದು ಊರಿಗೆ ಹೊರಟಿದ್ದಾರೆ’ ಎಂದು ಬರೆದು ಒಂದು ಗೆರೆ ಎಳೆದು ಕೈ ಝಾಡಿಸಿದರು.

“ಕಾಕಾ, ಇದನ್ನ ನೀವ ನೋಡೀರಲ್ರಿ,” ಎಂದೆ.

“ಎರಡನೇ ಗೆರಿ ಹೊಳ್ಯಾಗ ಹೋತು, ತಮ್ಮಾ.”

ಆಗ ನೆನಪಾಯಿತು, ಮಹಾಪೂರದ ನಂತರ ಆ ಹಲಗೆಯ ಮೇಲೆ ಎರಡು ಗೆರೆ ನಾನು ಕಂಡೇ ಇರಲಿಲ್ಲ. “ಕಾಕಾ, ಅವತ್ತ ನಾ…” ಎಂದು ತೊದಲಿದೆ.

“ಗೊತ್ತೈತಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ನಿನ್ನ ಚಪ್ಪಲಿಗೆ ಕೆಸರ ಇರಲಿಲ್ಲ. ನಾ ನೋಡಿದ್ದೆ. ನೋಡಿನೂ ಎಳದೆ. ನೀರ ಇಳೀಲಿ ಅಂತ ನನಗೂ ಭಾಳ ಆಸೆ ಇತ್ತ, ತಮ್ಮಾ.”

ಅಷ್ಟು ಹೇಳಿ ಹೊಲಿಗೆ ಯಂತ್ರಕ್ಕೆ ಹೋಗಿ ಕೂತರು. ಅವರು ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಊರಿಗೆ ನಿಜ ಹೇಳು ಎಂದಿದ್ದರೆ ಹೇಳುತ್ತಿದ್ದೆನೇನೋ. ಅವರು ಹೇಳಲಿಲ್ಲವೆಂಬುದನ್ನೇ ನೆಪ ಮಾಡಿಕೊಂಡು ನಾನು ಇನ್ನೊಂದು ವರ್ಷ ಸುಮ್ಮನಿದ್ದೆ.

ಎರಡನೆಯ ಅಲೆಯಲ್ಲಿ ಕಾಕಾರಿಗೆ ಉಸಿರು ಕಷ್ಟವಾಗಿ ಕೊಲ್ಹಾಪುರಕ್ಕೆ ಕರೆದೊಯ್ದರು. ಗಡಹಿಂಗ್ಲಜಕ್ಕೆ ಕೊಟ್ಟ ಅವರ ಮಗಳು ಎಂಟನೆಯ ದಿನ ನನ್ನ ಫೋನಿಗೆ ಕರೆ ಮಾಡಿದಳು. “ಅಪ್ಪಾ ಹ್ವಾದ್ರು, ಅಣ್ಣಾ. ಮುಖಾನೂ ತೋರಸಲಿಲ್ಲ. ಅಲ್ಲೇ ಎಲ್ಲಾ ಮುಗಸ್ಯಾರಂತ. ಊರಾಗ ತಿಳಸ್ರಿ.” ಗುಂಪಿನಲ್ಲಿ ಹಾಕಲು ಬೆರಳು ಹೋಯಿತು, ತಡೆದೆ. ಅವರ ಅಂಗಡಿಯ ಕಟ್ಟೆ ಹತ್ತಿದೆ. ಹಲಗೆಯ ಮೇಲೆ ಅವರ ಕೊನೆಯ ಬರಹ ಹಾಗೇ ಇತ್ತು: ‘ಶುಕ್ರವಾರ ಶಾಲೆಯಲ್ಲಿ ಲಸಿಕೆ’. ಕೆಳಗೆ ಒಂದು ಗೆರೆ. ಅದನ್ನು ಅಂಗೈಯಿಂದ ಒರೆಸಿದೆ. ಮರಾಠಿಯಲ್ಲೊಂದು, ಕನ್ನಡದಲ್ಲೊಂದು ಸಾಲು ಬರೆದೆ. ಒಂದು ಗೆರೆ ಎಳೆದು ಸೀಮೆಸುಣ್ಣ ಕೆಳಗಿಟ್ಟೆ.

ಮಾವಶಿ ಬಂದಳು. ಆ ಮರಿ ಈಗ ದೊಡ್ಡ ಕುರಿಯಾಗಿ ಹಿಂದೆ ಹಿಂದೆ ಬರುತ್ತಿತ್ತು. “ಯಾರ ಸುದ್ದಿಯೋ?” ಎಂದಳು. ಹೇಳಿದೆ. ಅವಳು ಹಲಗೆಯನ್ನೇ ನೋಡುತ್ತ ನಿಂತಳು.

“ಒಂದ ಗೆರಿ ಐತಲ್ಲೋ. ಯಾರೂ ನೋಡಿಲ್ಲಂದ್ರ… ಇನ್ನೂ ಇದ್ದಾರು, ಅಲ್ಲೇನು?”

ಅವಳ ಮುಖದ ಮೇಲೆ ಮೂಡಿದ ಆಸೆಯನ್ನು ನನಗೆ ನೋಡಲಾಗಲಿಲ್ಲ. “ಇಲ್ಲ ಮಾವಶಿ. ಖರೇನ ಹೋಗ್ಯಾರ. ನಾ ಕಣ್ಣಲೆ ನೋಡಿಲ್ಲ, ಅದಕ್ಕ ಒಂದ,” ಎಂದೆ. ಆಮೇಲೆ, ಅಷ್ಟು ವರ್ಷ ಹೊರಡದ ಮಾತು ತಾನಾಗಿ ಹೊರಟಿತು. “ಮಹಾಪೂರದಾಗೂ ನಾ ನೋಡಿರಲಿಲ್ಲ, ಮಾವಶಿ. ಕಾಕಾ ನೋಡ್ಕೊಂಡ ಬಾ ಅಂದಿದ್ರು. ನಾ ಹೋಗಲಿಲ್ಲ. ಹೋಗೀನಿ ಅಂತ ಸುಳ್ಳ ಹೇಳಿದೆ.”

ಅವಳು ಬೈಯಲಿಲ್ಲ. ಕುರಿಯ ಕುತ್ತಿಗೆಯ ಮೇಲೆ ಕೈ ಇಟ್ಟಳು.

“ಇದನ್ನ ಕಾಕಾ ಇದ್ದಾಗ ಹೇಳಬೇಕಿತ್ತೋ. ಅವರ ಎರಡನೇ ಗೆರಿ ಅವರಿಗೆ ತಿರುಗಿ ಬರತಿತ್ತು,” ಎಂದಳು. ಹೊರಟುಹೋದಳು.

ಈಗ ಫಲಕ ಬರೆಯುವವನು ನಾನು. ವಾಟ್ಸಾಪ್ ಗುಂಪು ಬಿಟ್ಟಿದ್ದೇನೆ, ಬೇರೆ ಯಾರೋ ನಡೆಸುತ್ತಾರೆ. ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ ಹೊಳೆದಂಡೆಗೆ ಹೋಗುತ್ತೇನೆ. ಕಡ್ಡಿ ಚುಚ್ಚಿ ಒಂದು ತಾಸು ಕೂರುತ್ತೇನೆ, ಎಷ್ಟೇ ಮಳೆ ಇರಲಿ. ಕೆಸರುಗಾಲಿನಲ್ಲೇ ಬಂದು ಬರೆದು ಎರಡು ಗೆರೆ ಎಳೆಯುತ್ತೇನೆ. ಮಾವಶಿ ಬರುತ್ತಾಳೆ. ಏನು ಬರೆದಿದೆ ಎಂದು ಕೇಳುತ್ತಾಳೆ, ಓದಿ ಹೇಳುತ್ತೇನೆ. ಎರಡೂ ಗೆರೆಗಳನ್ನು ನೋಡುತ್ತಾಳೆ, ನನ್ನ ಕಾಲುಗಳನ್ನೂ ನೋಡುತ್ತಾಳೆ. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು, ತಾನೇ ನೋಡಿ ಬರಲು ಹೊಳೆಯ ಕಡೆ ನಡೆಯುತ್ತಾಳೆ.